ಬಣ್ಣ ಹೋದರೆ ನೀರು ಶುದ್ಧವಾಯಿತೇ? ಯುವಿ ಬೆಳಕು ಮತ್ತು ನೀರಿನ ಸಾವಯವ ವಸ್ತು: ಪದೇ ಪದೇ ಕೇಳುವ ಪ್ರಶ್ನೆಗಳು

ಮೊಳಕಾಲ್ಮುರಿನ ರೇಷ್ಮೆ ಬಣ್ಣದ ಹಂಡೆ, ಚನ್ನಗಿರಿಯ ಅಡಿಕೆ ಚೊಗರು, ದಾವಣಗೆರೆಯ ಅಡುಗೆಮನೆಗಳ ಫಿಲ್ಟರಿನೊಳಗಿನ ನೀಲಿ ದೀಪ, ಇಂಜಿನಿಯರಿಂಗ್ ಕಾಲೇಜಿನ ಕೊನೆಯ ವರ್ಷದ ಪ್ರಾಜೆಕ್ಟು. ಪ್ರಶ್ನೆಗಳು ಬರುವುದು ಹೆಚ್ಚಾಗಿ ಈ ನಾಲ್ಕು ಕಡೆಯಿಂದ. ಹಾಗಾಗಿ ಉತ್ತರಗಳೂ ಅದೇ ಜಾಗದಲ್ಲಿ ನಿಂತು ಬರೆದವು.

ಯುವಿ ಬಿದ್ದರೆ ಸಾವಯವ ವಸ್ತು ಒಡೆಯುವುದು ಯಾಕೆ?

ಯುವಿ ಎಂದರೆ ಕಣ್ಣಿಗೆ ಕಾಣದ ಅತಿನೇರಳೆ ಬೆಳಕು, ಸಾವಯವ ವಸ್ತು ಎಂದರೆ ಇಲ್ಲಿ ಇಂಗಾಲದ ಅಣುಗಳು. ಒಡೆಯಲು ಎರಡು ದಾರಿಗಳಿವೆ. ಮೊದಲನೆಯದು ನೇರ ಹೊಡೆತ. 254 ನ್ಯಾನೊಮೀಟರ್ ತರಂಗಾಂತರದ ಬೆಳಕಿನ ಒಂದು ಮೋಲ್ ಫೋಟಾನ್‌ಗೆ ಸುಮಾರು 471 ಕಿಲೊಜೌಲ್ ಶಕ್ತಿ. ಇಂಗಾಲ-ಇಂಗಾಲದ ಒಂಟಿ ಬಂಧ ಕಡಿಯಲು ಸುಮಾರು 350 ಸಾಕು. ಲೆಕ್ಕದಲ್ಲಿ ಶಕ್ತಿಗೆ ಕೊರತೆಯಿಲ್ಲ. ಆದರೆ ಅಣು ಆ ಬೆಳಕನ್ನು ಹೀರಿಕೊಳ್ಳಬೇಕು, ಹೀರದೆ ಬಿಟ್ಟ ಬೆಳಕು ಏನೂ ಮಾಡುವುದಿಲ್ಲ. ಬೆಂಜೀನ್ ಉಂಗುರವಿರುವ ಔಷಧಿ, ಕೀಟನಾಶಕ, ಬಣ್ಣಗಳು ಹೀರುತ್ತವೆ. ಸಕ್ಕರೆ, ಆಲ್ಕೋಹಾಲ್‌ಗಳು 254ಕ್ಕೆ ತಲೆ ಕೆಡಿಸಿಕೊಳ್ಳುವುದೇ ಇಲ್ಲ. ಹೀರಿದ್ದೆಲ್ಲ ಒಡೆಯುತ್ತದೆ ಎಂದೂ ಇಲ್ಲ. ಎಷ್ಟೋ ಅಣುಗಳು ಆ ಶಕ್ತಿಯನ್ನು ಬಿಸಿಯಾಗಿ ಬಿಟ್ಟುಕೊಟ್ಟು ಸುಮ್ಮನಾಗುತ್ತವೆ.

ಎರಡನೆಯದು ಬಳಸುದಾರಿ. ಬೆಳಕು ಹೈಡ್ರೋಜನ್ ಪೆರಾಕ್ಸೈಡನ್ನು ಎರಡಾಗಿ ಸೀಳಿ ಬಹಳ ಚುರುಕಾದ ಅಣುತುಂಡಾದ ಹೈಡ್ರಾಕ್ಸಿಲ್ ರ್‍ಯಾಡಿಕಲ್ ಹುಟ್ಟಿಸುತ್ತದೆ. ಇಲ್ಲವೇ ಟೈಟಾನಿಯಂ ಡೈಆಕ್ಸೈಡ್ ಪುಡಿಯ ಮೇಲೆ ಬಿದ್ದು ಅಲ್ಲಿ ಹುಟ್ಟಿಸುತ್ತದೆ. ಈ ರ್‍ಯಾಡಿಕಲ್‌ನ ಆಕ್ಸಿಡೀಕರಣ ವಿಭವ ಸುಮಾರು 2.8 ವೋಲ್ಟ್, ಕ್ಲೋರಿನ್‌ಗಿಂತ ಎರಡು ಪಟ್ಟಿನ ಹತ್ತಿರ. ಎದುರಿಗೆ ಸಿಕ್ಕಿದ್ದನ್ನು ಹಿಡಿಯುತ್ತದೆ, ಆರಿಸಿ ಹಿಡಿಯುವುದಿಲ್ಲ. ಅದರ ಬಲ ಇದೇ, ತೊಂದರೆಯೂ ಇದೇ. ಡಿಸ್ಟಿಲ್ಡ್ ವಾಟರನ್ನು ಬೋರ್ ನೀರಿಗೆ ಹೋಲಿಸುವ ಪ್ರಶ್ನೆಯಲ್ಲಿ ಇದು ಮತ್ತೆ ಬರುತ್ತದೆ.

ಮನೆಯ ಆರ್‌ಒ-ಯುವಿ ಫಿಲ್ಟರಿನ ದೀಪ ಕೀಟನಾಶಕವನ್ನೂ ಒಡೆಯುತ್ತದೆಯೇ?

ಇಲ್ಲ. ಅಲ್ಲಿ ಆ ಕೆಲಸ ಮಾಡುವುದು ಆರ್‌ಒ ಪೊರೆ ಮತ್ತು ಕಾರ್ಬನ್. ದೀಪ ಇರುವುದು ರೋಗಾಣುವಿಗೆ. ರೋಗಾಣು ಕೊಲ್ಲುವ ಯುವಿ ಘಟಕಗಳಿಗೆ ಸಾಮಾನ್ಯವಾಗಿ ಇಟ್ಟುಕೊಳ್ಳುವ ಗುರಿ ಚದರ ಸೆಂಟಿಮೀಟರಿಗೆ 40 ಮಿಲಿಜೌಲ್. ನೀರಿನ ರಾಸಾಯನಿಕಗಳಲ್ಲಿ ಯುವಿಗೆ ಸುಲಭವಾಗಿ ಬಗ್ಗುವ ಎನ್‌ಡಿಎಂಎ ಎಂಬುದನ್ನು ಹತ್ತರಲ್ಲಿ ಒಂದು ಪಾಲಿಗೆ ಇಳಿಸಲೂ ಸುಮಾರು 1000 ಮಿಲಿಜೌಲ್ ಬೇಕು. ರೋಗಾಣುವಿನ ಡಿಎನ್‌ಎಗೆ ಕೆಲವು ಕಡೆ ಪೆಟ್ಟು ಬಿದ್ದರೆ ಅದು ಮರಿ ಹಾಕುವುದನ್ನು ನಿಲ್ಲಿಸುತ್ತದೆ, ಅಷ್ಟು ಸಾಕು. ರಾಸಾಯನಿಕದಲ್ಲಿ ಪ್ರತಿಯೊಂದು ಅಣುವನ್ನೂ ಹಿಡಿದು ಮುರಿಯಬೇಕು.

ಬೋರ್ ನೀರಿನ ಫ್ಲೋರೈಡ್?

ಹೋಗುವುದಿಲ್ಲ. ಗಡಸು, ಉಪ್ಪು, ನೈಟ್ರೇಟ್ ಕೂಡ ಹೋಗುವುದಿಲ್ಲ. ಚಿತ್ರದುರ್ಗ ಸೀಮೆಯಲ್ಲಿ ಈ ಪ್ರಶ್ನೆ ಬರದ ದಿನವಿಲ್ಲ. ಒಂದೇ ಮಾತಿನ ಉತ್ತರ: ಫ್ಲೋರೈಡ್ ಸಾವಯವ ವಸ್ತುವಲ್ಲ, ಅದರಲ್ಲಿ ಒಡೆಯಲು ಏನೂ ಇಲ್ಲ. ಯುವಿ ಹಾಕಿದರೆ ಫ್ಲೋರೈಡ್ ಇಳಿಯುತ್ತದೆ ಎಂದು ಯಾರಾದರೂ ಮಾರಲು ಬಂದರೆ ಬಾಗಿಲಲ್ಲೇ ಕಳಿಸಿ.

ಯಾವ ದೀಪ ತರಬೇಕು?

ಕಡಿಮೆ ಒತ್ತಡದ ಪಾದರಸದ ದೀಪ. ಅದರ ಯುವಿಯ ಬಹುಪಾಲು 254 ನ್ಯಾನೊಮೀಟರಿನಲ್ಲೇ ಬರುತ್ತದೆ, ಕುಡಿದ ವಿದ್ಯುತ್ತಿನ ಸುಮಾರು ಮೂರನೇ ಒಂದು ಪಾಲು ಯುವಿ ಆಗುತ್ತದೆ. ಟೈಟಾನಿಯಂ ಪ್ರಯೋಗಕ್ಕಾದರೆ 365 ನ್ಯಾನೊಮೀಟರಿನ ‘ಬ್ಲ್ಯಾಕ್ ಲೈಟ್’ ಟ್ಯೂಬ್ ಅಥವಾ ಎಲ್‌ಇಡಿ ಸಾಕು. ಪೆರಾಕ್ಸೈಡ್ ಕೆಲಸಕ್ಕೆ ಮಾತ್ರ 365 ಬೇಡ, ಅಲ್ಲಿ ಪೆರಾಕ್ಸೈಡ್ ಬೆಳಕನ್ನು ಹೀರುವುದು ನಗಣ್ಯ.

ದೀಪವನ್ನು ನೀರಿನಿಂದ ಬೇರೆ ಮಾಡುವ ಕೊಳವೆ ಕ್ವಾರ್ಟ್ಜ್ ಆಗಿರಬೇಕು. ಸಾಮಾನ್ಯ ಗಾಜು 254 ಅನ್ನು ಪೂರ್ತಿ ತಡೆಯುತ್ತದೆ. ದುಡ್ಡು ಉಳಿಸಲು ಬೋರೋಸಿಲಿಕೇಟ್ ಗಾಜಿನ ಕೊಳವೆ ಹಾಕಿ, ‘ದೀಪ ಉರಿಯುತ್ತಿದೆ, ನೀರಿನಲ್ಲಿ ಏನೂ ಆಗುತ್ತಿಲ್ಲ’ ಎನ್ನುವವರು ಪ್ರತಿ ವರ್ಷ ಇರುತ್ತಾರೆ.

ಟ್ಯಾಂಕ್ ಎಷ್ಟು ಅಗಲ ಇರಬಹುದು?

ನೀರಿನಲ್ಲಿ ಬೆಳಕು ಎಷ್ಟು ದೂರ ಹೋಗುತ್ತದೆ ಎಂದು ಮೊದಲು ಅಳೆಯಿರಿ. ಸ್ಪೆಕ್ಟ್ರೋಫೋಟೋಮೀಟರಿನಲ್ಲಿ 1 ಸೆಂ.ಮೀ. ಕ್ವಾರ್ಟ್ಜ್ ಕುವೆಟ್ (ಮಾದರಿ ತುಂಬುವ ಚಿಕ್ಕ ಪಾತ್ರೆ) ಇಟ್ಟು 254ರಲ್ಲಿ ಶೇಕಡಾ ಎಷ್ಟು ಬೆಳಕು ದಾಟುತ್ತದೆ ನೋಡಿ. ಅದೇ ಯುವಿಟಿ. ಶೇ. 90 ಬಂತು ಅನ್ನಿ. 5 ಸೆಂ.ಮೀ. ಆಚೆಗೆ ಉಳಿಯುವುದು ಶೇ. 59. ಯುವಿಟಿ 70 ಇದ್ದರೆ ಅದೇ 5 ಸೆಂ.ಮೀ.ಗೆ ಉಳಿಯುವುದು 17. ಯುವಿಟಿ 50ಕ್ಕೆ ಇಳಿದರೆ ಬರೀ 3. ಕಣ್ಣಿಗೆ ಈ ಮೂರೂ ನೀರು ತಿಳಿಯಾಗಿಯೇ ಕಾಣಬಹುದು, ಯಾಕೆಂದರೆ ನಮ್ಮ ಕಣ್ಣಿಗೆ 254 ಕಾಣುವುದಿಲ್ಲ.

ಯುವಿಟಿ 70ರ ಕೆಳಗಿದ್ದರೆ ದೀಪದ ಸುತ್ತ ನೀರಿನ ಪದರ 2 ಸೆಂ.ಮೀ. ಮೀರದಂತೆ ಕಟ್ಟಿ, ಪಂಪಿನಿಂದ ಸುತ್ತಿಸಿ. ಡ್ರಮ್ಮಿನ ನಡುವೆ ಒಂದು ದೀಪ ಇಳಿಬಿಟ್ಟರೆ ಅದರ ಪಕ್ಕದ ನೀರಷ್ಟೇ ಬೆಳಕು ಕಾಣುತ್ತದೆ, ಅಂಚಿನದು ಕತ್ತಲಲ್ಲೇ ಇರುತ್ತದೆ.

ಅಡಿಕೆ ಚೊಗರಿಗೆ ಯುವಿ ಹಾಕಬಹುದೇ?

ಬೇಡ. ಚೊಗರು ಎಂದರೆ ಅಡಿಕೆ ಬೇಯಿಸಿ ಉಳಿದ ನೀರು. ಅದರ ಕೆಂಗಪ್ಪು ಬಣ್ಣಕ್ಕೆ ಕಾರಣ ಟ್ಯಾನಿನ್, ಅಂದರೆ ಪಾಲಿಫಿನಾಲ್‌ಗಳು. ಇವು ಯುವಿಯನ್ನು ಹೀರುವುದರಲ್ಲಿ ಎತ್ತಿದ ಕೈ. ಬೆಳಕು ಕೆಲವೇ ಮಿಲಿಮೀಟರ್ ಒಳಗೆ ಹೋಗಿ ನಿಲ್ಲುತ್ತದೆ, ಕ್ವಾರ್ಟ್ಜ್ ಮೇಲೆ ಕಂದು ಪದರ ಕೂರುತ್ತದೆ, ಅಲ್ಲಿಗೆ ಮುಗಿಯಿತು. ನೀರು ಬೆರೆಸಿ ತೆಳ್ಳಗೆ ಮಾಡಿದರೂ ಒಡೆಯಬೇಕಾದ ವಸ್ತುವಿನ ಒಟ್ಟು ಪ್ರಮಾಣ ಅಷ್ಟೇ ಇರುತ್ತದೆ, ಕರೆಂಟ್ ಬಿಲ್ ಮಾತ್ರ ಬೆಳೆಯುತ್ತದೆ. ಗಟ್ಟಿ ಚೊಗರನ್ನು ಅಡಿಕೆಗೆ ಬಣ್ಣ ಕಟ್ಟಲು, ಬಟ್ಟೆಗೆ ನೈಸರ್ಗಿಕ ಬಣ್ಣ ಹಾಕಲು ಬಳಸುವ ರೂಢಿ ಇದ್ದೇ ಇದೆ. ನಮ್ಮ ಅಭಿಪ್ರಾಯದಲ್ಲಿ ಅದೇ ಸರಿ. ಕೊಳ್ಳುವವರಿರುವ ವಸ್ತುವನ್ನು ದುಡ್ಡು ಕೊಟ್ಟು ಸುಡುವುದೇಕೆ?

ಪೆರಾಕ್ಸೈಡ್ ಎಷ್ಟು ಹಾಕಬೇಕು?

ಕಾಗದದ ಲೆಕ್ಕ ಸುಲಭ: 1 ಮಿ.ಗ್ರಾಂ ಸಿಒಡಿಗೆ (ನೀರಿನ ಸಾವಯವ ವಸ್ತುವನ್ನು ರಾಸಾಯನಿಕವಾಗಿ ಪೂರ್ತಿ ಸುಡಲು ಬೇಕಾದ ಆಮ್ಲಜನಕದ ಅಳತೆ) 2.125 ಮಿ.ಗ್ರಾಂ ಪೆರಾಕ್ಸೈಡ್. ಬಣ್ಣದ ನೀರಿನ ಸಿಒಡಿ ಲೀಟರಿಗೆ 300 ಇದ್ದರೆ ಪೂರ್ತಿ ಇಂಗಾಲದ ಡೈಆಕ್ಸೈಡ್ ಮಾಡಲು ಸುಮಾರು 640 ಮಿ.ಗ್ರಾಂ. ಕುಡಿಯುವ ನೀರಿನಲ್ಲಿ ಕೀಟನಾಶಕದ ಸುಳಿವಷ್ಟೇ ಇದ್ದರೆ 5ರಿಂದ 20 ಮಿ.ಗ್ರಾಂ ಸಾಕು.

ಅಳತೆ ಹೀಗೆ: 20 ಲೀಟರಿಗೆ 100 ಮಿ.ಗ್ರಾಂ ಮಟ್ಟ ಬೇಕೆಂದರೆ 2 ಗ್ರಾಂ ಶುದ್ಧ ಪೆರಾಕ್ಸೈಡ್. ಶೇ. 30ರ ಬಾಟಲಿಯಿಂದ 6 ಮಿ.ಲೀ., ಕಾರ್ಖಾನೆಯ ಶೇ. 50ರ ಕ್ಯಾನಿನಿಂದ 3.3 ಮಿ.ಲೀ. ಮೆಡಿಕಲ್ ಶಾಪಿನ ‘20 ವಾಲ್ಯೂಮ್’ ಎಂದರೆ ಶೇ. 6, ಅದರಿಂದ ಸುಮಾರು 33 ಮಿ.ಲೀ. ಒಂದೇ ಸಲ ಸುರಿಯಬೇಡಿ, ಮೂರು ನಾಲ್ಕು ಕಂತು ಮಾಡಿ. ಪೆರಾಕ್ಸೈಡ್ ಅತಿಯಾದರೆ ತಾನೇ ರ್‍ಯಾಡಿಕಲ್ಲನ್ನು ತಿಂದು ಹಾಕುತ್ತದೆ, ಪ್ರತಿಫಲವಾಗಿ ಹುಟ್ಟುವ ರ್‍ಯಾಡಿಕಲ್ ಸೋಮಾರಿ.

ಇನ್ನೊಂದು ವಿಷಯ. 254ರಲ್ಲಿ ಪೆರಾಕ್ಸೈಡ್ ಬೆಳಕನ್ನು ಹೀರುವುದು ಬಹಳ ಕಡಿಮೆ. ಲೀಟರಿಗೆ 10 ಮಿ.ಗ್ರಾಂ ಇರುವಾಗ 1 ಸೆಂ.ಮೀ. ದಾರಿಯಲ್ಲಿ ಅದು ಹಿಡಿಯುವುದು ಶೇ. 1.3 ಬೆಳಕು. ಹಾಗಾಗಿ ಹಾಕಿದ್ದರಲ್ಲಿ ಬಹುಪಾಲು ಕೊನೆಗೂ ನೀರಿನಲ್ಲೇ ಉಳಿದಿರುತ್ತದೆ. ನೀರು ಹೊರಬಿಡುವ ಮುಂಚೆ ಕಾರ್ಬನ್ ಫಿಲ್ಟರ್ ದಾಟಿಸಿ.

ಡಿಸ್ಟಿಲ್ಡ್ ವಾಟರಿನಲ್ಲಿ ಇಪ್ಪತ್ತು ನಿಮಿಷಕ್ಕೆ ಆದದ್ದು ನಮ್ಮೂರ ಬೋರ್ ನೀರಿನಲ್ಲಿ ಯಾಕೆ ಆಗುವುದಿಲ್ಲ?

ಬೈಕಾರ್ಬೊನೇಟ್. ಲೆಕ್ಕ ಹಾಕಿಯೇ ತೋರಿಸಬಹುದು. ಕ್ಷಾರೀಯತೆ ಲೀಟರಿಗೆ 300 ಮಿ.ಗ್ರಾಂ ಇರುವ ನೀರು ತೆಗೆದುಕೊಳ್ಳಿ. ಅಂದರೆ 6 ಮಿಲಿಮೋಲ್ ಬೈಕಾರ್ಬೊನೇಟ್. ಅದು ರ್‍ಯಾಡಿಕಲ್ಲಿನೊಂದಿಗೆ ನಿಧಾನವಾಗಿಯೇ ಸೇರುತ್ತದೆ, ಆದರೆ ಪ್ರಮಾಣ ದೊಡ್ಡದು. ಸೇರುವ ವೇಗವನ್ನೂ ಪ್ರಮಾಣವನ್ನೂ ಗುಣಿಸಿದರೆ ಸೆಕೆಂಡಿಗೆ ಸುಮಾರು 51,000 ಎಂಬ ‘ಹಸಿವು’ ಬರುತ್ತದೆ. ನೀರಿನಲ್ಲಿ ಕರಗಿದ ಸಾಮಾನ್ಯ ಸಾವಯವ ಅಂಶ 2 ಮಿ.ಗ್ರಾಂ ಇದ್ದರೆ ಅದರದ್ದೂ ಸುಮಾರು 50,000. 10 ಮಿ.ಗ್ರಾಂ ಪೆರಾಕ್ಸೈಡಿನದು 8,000. ನಾವು ಒಡೆಯಲು ಹೊರಟಿರುವ ಅಟ್ರಜಿನ್ ಎಂಬ ಕಳೆನಾಶಕ, ಲೀಟರಿಗೆ 10 ಮೈಕ್ರೋಗ್ರಾಂ: ಅದರದು ಸುಮಾರು 140. ಸಾವಿರ ರ್‍ಯಾಡಿಕಲ್ ಹುಟ್ಟಿದರೆ ಅಟ್ರಜಿನ್‌ಗೆ ಸಿಗುವುದು ಒಂದು. ಮಿಕ್ಕವೆಲ್ಲ ಪಂಕ್ತಿಯಲ್ಲಿ ಮೊದಲೇ ಕೂತವರ ಪಾಲು.

ಲ್ಯಾಬಿನಲ್ಲಿ ಇದನ್ನು ಪರೀಕ್ಷಿಸಬೇಕಾದರೆ ಅದೇ ನೀರಿಗೆ ಹೈಡ್ರೋಕ್ಲೋರಿಕ್ ಆಮ್ಲ ಹನಿಸಿ ಪಿಎಚ್ 4.5ರ ಆಸುಪಾಸಿಗೆ ತನ್ನಿ, ಅರ್ಧ ಗಂಟೆ ಗಾಳಿ ಊದಿ. ಬೈಕಾರ್ಬೊನೇಟ್ ಅನಿಲವಾಗಿ ಹೋಗುತ್ತದೆ. ಮೇಲಿನ ನೀರಿಗೆ ಗಾಢ ಆಮ್ಲ ಲೀಟರಿಗೆ ಅರ್ಧ ಮಿ.ಲೀ. ಆಗುತ್ತದೆ. ಈಗ ವೇಗ ಹೆಚ್ಚಿದರೆ ಕಳ್ಳ ಸಿಕ್ಕಿದ ಹಾಗೆ. ದೊಡ್ಡ ಪ್ರಮಾಣದಲ್ಲಿ ಇದು ಗಿಟ್ಟುವುದಿಲ್ಲ, ಆಮ್ಲ ಹಾಕಿ ಮತ್ತೆ ಕಾಸ್ಟಿಕ್ ಹಾಕುವ ಖರ್ಚು ಎದ್ದು ಕಾಣುತ್ತದೆ. ಸಾಧ್ಯವಿದ್ದರೆ ಬೋರ್ ನೀರಿನ ಬದಲು ಮಳೆನೀರಲ್ಲಿ ಬಣ್ಣ ಅದ್ದುವುದು ಜಾಣತನ. ಬಣ್ಣವೂ ಚೆನ್ನಾಗಿ ಹಿಡಿಯುತ್ತದೆ, ಆಮೇಲಿನ ಶುದ್ಧೀಕರಣವೂ ಸುಲಭ.

ಬಣ್ಣದ ನೀರು ತಿಳಿಯಾಯಿತು. ಸಿಒಡಿ ಮಾತ್ರ ಇಳಿದೇ ಇಲ್ಲ. ಏನು ತಪ್ಪಾಗಿದೆ?

ತಪ್ಪೇನೂ ಆಗಿಲ್ಲ, ಕೆಲಸ ಅರ್ಧ ಆಗಿದೆ. ಅಜೋ ಬಣ್ಣಗಳಲ್ಲಿ ಎರಡು ನೈಟ್ರೋಜನ್‌ಗಳ ನಡುವಿನ ಜೋಡಿ ಬಂಧವೇ ಬಣ್ಣದ ಬೇರು. ರ್‍ಯಾಡಿಕಲ್ ಮೊದಲು ಅದನ್ನೇ ಕಡಿಯುತ್ತದೆ, ಬಣ್ಣ ಮಾಯ. ಆದರೆ ಉಂಗುರಗಳು ಹಾಗೇ ಉಳಿದಿವೆ. ಕೆಲವು ಬಣ್ಣಗಳಲ್ಲಿ ಈ ತುಂಡುಗಳು ಆರೊಮ್ಯಾಟಿಕ್ ಅಮೈನ್‌ಗಳು, ಅಂದರೆ ಮೂಲ ಬಣ್ಣಕ್ಕಿಂತ ಕೆಟ್ಟವೂ ಆಗಿರಬಹುದು. ಇನ್ನೂ ಬೆಳಕು ಕೊಟ್ಟರೆ ಉಂಗುರ ತೆರೆದು ಸಣ್ಣ ಆಮ್ಲಗಳಾಗುತ್ತವೆ: ಆಕ್ಸಾಲಿಕ್, ಅಸಿಟಿಕ್, ಫಾರ್ಮಿಕ್. ಪಿಎಚ್ ಮೆಲ್ಲಗೆ ಇಳಿಯುವುದು ಇದರ ಗುರುತು. ಆಕ್ಸಾಲಿಕ್, ಅಸಿಟಿಕ್ ಹಂತಕ್ಕೆ ಬಂದ ಮೇಲೆ ರ್‍ಯಾಡಿಕಲ್ ಬಹಳ ನಿಧಾನ. ಅಲ್ಲಿಂದ ಮುಂದಕ್ಕೆ ದೀಪ ಉರಿಸುವುದು ದಂಡ, ಬ್ಯಾಕ್ಟೀರಿಯಾದ ತೊಟ್ಟಿಗೆ ಬಿಡಿ. ಈ ಆಮ್ಲಗಳನ್ನು ಅವು ಬೇಗ ಮುಗಿಸುತ್ತವೆ.

ಒಳನಾಡಿನ ಜಲಮೂಲಕ್ಕೆ ಬಿಡುವ ತ್ಯಾಜ್ಯನೀರಿಗೆ ಸಾಮಾನ್ಯ ಮಿತಿ ಸಿಒಡಿ ಲೀಟರಿಗೆ 250, ಬಿಒಡಿ (ಬ್ಯಾಕ್ಟೀರಿಯಾ ಸಾವಯವ ವಸ್ತುವನ್ನು ತಿನ್ನುವಾಗ ಬಳಸುವ ಆಮ್ಲಜನಕದ ಅಳತೆ) 30. ಅಲ್ಲಿ ಬಣ್ಣ ಹೋದದ್ದನ್ನು ತೋರಿಸಿದರೆ ಸಾಲದು.

ಅಟ್ರಜಿನ್‌ನದು ಇನ್ನೂ ಮೊಂಡು ಕತೆ. ಟೈಟಾನಿಯಂ ಹಾಕಿ ಎಷ್ಟು ಹೊತ್ತು ಬೆಳಕು ಕೊಟ್ಟರೂ ಅದು ಸಯನ್ಯೂರಿಕ್ ಆಮ್ಲದ ಹಂತದಲ್ಲಿ ನಿಂತುಬಿಡುತ್ತದೆ.

ಸಿಒಡಿ ಇಳಿಯುವ ಬದಲು ಏರಿದೆ!

ಉಳಿದ ಪೆರಾಕ್ಸೈಡ್. ಸಿಒಡಿ ಪರೀಕ್ಷೆಯ ಡೈಕ್ರೋಮೇಟನ್ನು ಅದೂ ತಿನ್ನುತ್ತದೆ, 1 ಮಿ.ಗ್ರಾಂ ಪೆರಾಕ್ಸೈಡ್ ಲೆಕ್ಕದಲ್ಲಿ 0.47 ಮಿ.ಗ್ರಾಂ ಸಿಒಡಿಯಾಗಿ ಕಾಣುತ್ತದೆ. 400 ಮಿ.ಗ್ರಾಂ ಉಳಿದಿದ್ದರೆ 188 ಸುಳ್ಳು ಸಿಒಡಿ. ಮಾದರಿಗೆ ಚಿಟಿಕೆ ಮ್ಯಾಂಗನೀಸ್ ಡೈಆಕ್ಸೈಡ್ ಹಾಕಿ, ಗುಳ್ಳೆ ನಿಲ್ಲುವವರೆಗೆ ಬಿಟ್ಟು, ಸೋಸಿ, ಪೆರಾಕ್ಸೈಡ್ ಪರೀಕ್ಷೆಯ ಕಾಗದದ ಪಟ್ಟಿಯಲ್ಲಿ ಪೆರಾಕ್ಸೈಡ್ ಇಲ್ಲವೆಂದು ಖಾತ್ರಿ ಮಾಡಿಕೊಂಡು ಆಮೇಲೆ ಅಳೆಯಿರಿ. ಸೋಡಿಯಂ ಸಲ್ಫೈಟ್ ಹಾಕಿ ಕೊಂದರೆ ಹೆಚ್ಚಾದ ಸಲ್ಫೈಟೇ ಸಿಒಡಿ ಆಗಿ ಕೂರುತ್ತದೆ.

ಮೆಥಿಲೀನ್ ಬ್ಲೂ ಪ್ರಯೋಗ ಸರಿಯಾಗಿ ಮಾಡುವುದು ಹೇಗೆ?

ಮೆಥಿಲೀನ್ ಬ್ಲೂ ಒಂದು ನೀಲಿ ಬಣ್ಣ. ಲೀಟರಿಗೆ 1 ಗ್ರಾಂ ಇರುವ ಅದರ ಮೂಲ ದ್ರಾವಣದಿಂದ 5 ಮಿ.ಲೀ. ತೆಗೆದು 500 ಮಿ.ಲೀ.ಗೆ ತುಂಬಿಸಿ, 10 ಮಿ.ಗ್ರಾಂ ಮಟ್ಟ ಬರುತ್ತದೆ. ಟೈಟಾನಿಯಂ ಡೈಆಕ್ಸೈಡ್ 0.25 ಗ್ರಾಂ ಹಾಕಿ. ದೀಪ ಹಾಕದೆ 30 ನಿಮಿಷ ಕತ್ತಲಲ್ಲಿ ಕಲಕಿ. ಪುಡಿಯು ಬಣ್ಣವನ್ನು ಬರೀ ಮೈಗೆ ಅಂಟಿಸಿಕೊಳ್ಳುತ್ತದೆ. ಕತ್ತಲಿನ ಹಂತ ಬಿಟ್ಟವರು ಆ ಅಂಟನ್ನೇ ‘ಒಡೆಯಿತು’ ಎಂದು ಬರೆದುಬಿಡುತ್ತಾರೆ. ಆಮೇಲೆ ದೀಪ. 15 ನಿಮಿಷಕ್ಕೊಮ್ಮೆ 5 ಮಿ.ಲೀ. ತೆಗೆದು ಸೆಂಟ್ರಿಫ್ಯೂಜ್ ಮಾಡಿ, 664 ನ್ಯಾನೊಮೀಟರಿನಲ್ಲಿ ಓದಿ. ಪುಡಿ ಉಳಿದಿದ್ದರೆ ಬೆಳಕು ಚದುರಿ ಓದು ಏರುತ್ತದೆ. ಹಾಗಾಗಿ 800ರಲ್ಲೂ ಒಂದು ಓದು ತೆಗೆದುಕೊಳ್ಳಿ, ಅಲ್ಲಿ ಸೊನ್ನೆಯ ಹತ್ತಿರ ಇರಬೇಕು.

ಎರಡು ತಾಳೆ ಪ್ರಯೋಗ ಬೇಕೇ ಬೇಕು: ಪುಡಿಯಿಲ್ಲದೆ ದೀಪ ಮಾತ್ರ, ದೀಪವಿಲ್ಲದೆ ಪುಡಿ ಮಾತ್ರ. ಮೆಥಿಲೀನ್ ಬ್ಲೂ ಕಿಟಕಿಯ ಬೆಳಕನ್ನೂ ಹೀರುವ ವಸ್ತು, ತನ್ನಷ್ಟಕ್ಕೆ ತಾನೇ ಮಾಸುತ್ತದೆ. ಆಮ್ಲಜನಕ ಕಡಿಮೆಯಾದರೆ ಬಣ್ಣವಿಲ್ಲದ ರೂಪಕ್ಕೂ ತಿರುಗುತ್ತದೆ, ಗಾಳಿ ತಾಗಿದರೆ ನೀಲಿ ವಾಪಸ್ ಬರುತ್ತದೆ. ಆದ್ದರಿಂದ ಪ್ರಾಜೆಕ್ಟಿಗೆ ಇದಕ್ಕಿಂತ ಫಿನಾಲ್ ಅಥವಾ ಸ್ಯಾಲಿಸಿಲಿಕ್ ಆಮ್ಲ ಒಳ್ಳೆಯದು ಎಂಬುದು ನಮ್ಮ ಸಲಹೆ. ಚಿತ್ರ ಅಷ್ಟು ಚಂದ ಬರುವುದಿಲ್ಲ, ಫಲಿತಾಂಶ ನಂಬಬಹುದು.

ಪೇಂಟ್ ಅಂಗಡಿಯ ಟೈಟಾನಿಯಂ ಪುಡಿ ಆಗುತ್ತದೆಯೇ?

ಆಗುವುದಿಲ್ಲ. ಬಿಸಿಲಿಗೆ ಪೇಂಟ್ ಪುಡಿಯಾಗಿ ಉದುರಬಾರದೆಂದು ಅದನ್ನು ರೂಟೈಲ್ ರೂಪದಲ್ಲಿ ಮಾಡಿ, ಮೇಲೆ ಸಿಲಿಕಾ, ಅಲ್ಯೂಮಿನಾ ಹೊದಿಕೆ ಹಾಕಿರುತ್ತಾರೆ. ಅಂದರೆ ನಿಮಗೆ ಬೇಕಾದ ಗುಣವನ್ನೇ ಬೇಕೆಂದು ಕೊಂದಿರುತ್ತಾರೆ. ಅನಾಟೇಸ್ (ಟೈಟಾನಿಯಂ ಡೈಆಕ್ಸೈಡಿನ ಇನ್ನೊಂದು ಹರಳು ರೂಪ) ಎಂದು ಬರೆದಿರುವ, ಹೊದಿಕೆಯಿಲ್ಲದ ಪುಡಿ ಕೇಳಿ. ಲ್ಯಾಬುಗಳಲ್ಲಿ ಅಳತೆಗೋಲಾಗಿ ಬಳಸುವ ಪಿ25ರಲ್ಲಿ ಅನಾಟೇಸ್ ಸುಮಾರು ಶೇ. 80, ಉಳಿದದ್ದು ಬಹುತೇಕ ರೂಟೈಲ್.

ನಮ್ಮ ಬಿಸಿಲು ಸಾಲದೇ? ದೀಪವೇ ಬೇಕೇ?

ಬಿಸಿಲಲ್ಲಿ 254 ಇಲ್ಲ, ಸುಮಾರು 290ರ ಕೆಳಗಿನದೆಲ್ಲ ಮೇಲೆಯೇ ನಿಂತುಹೋಗುತ್ತದೆ. ನೆಲಕ್ಕೆ ಬರುವ ಶಕ್ತಿಯಲ್ಲಿ ಯುವಿ ಪಾಲು ಶೇ. 4-5. ಹಾಗಾಗಿ ಬಿಸಿಲಿಗೆ ಪೆರಾಕ್ಸೈಡ್ ಒಂದೇ ಹಾಕಿಟ್ಟರೆ ದಿನಗಟ್ಟಲೆ ಕಾಯಬೇಕು. ಬಿಸಿಲಿಗೆ ಹೊಂದುವುದು ಕಬ್ಬಿಣ ಸೇರಿಸಿದ ಫೋಟೋ-ಫೆಂಟನ್. ಅದು ಯುವಿಯ ಜೊತೆಗೆ ನೇರಳೆ ಬೆಳಕಿನ ಒಂದಷ್ಟನ್ನೂ ಬಳಸಿಕೊಳ್ಳುತ್ತದೆ. ಚಳ್ಳಕೆರೆ, ಹಿರಿಯೂರಿನ ಕಡೆಯ ಫೆಬ್ರುವರಿಯಿಂದ ಮೇವರೆಗಿನ ಬಿಸಿಲಿಗೆ ಹೇಳಿ ಮಾಡಿಸಿದ್ದು.

20 ಲೀಟರ್ ಬಣ್ಣದ ನೀರಿಗೆ: ಮೊದಲು ಆಲಂ ಹಾಕಿ ತಿಳಿಗೊಳಿಸಿ ಸೋಸಿ. ಅಗಲದ ಪ್ಲಾಸ್ಟಿಕ್ ತೊಟ್ಟಿಯಲ್ಲಿ 5 ಸೆಂ.ಮೀ. ಮೀರದ ಆಳಕ್ಕೆ ಹರಡಿ. ಕಬ್ಬಿಣದ ಬಾಣಲೆ ಬೇಡ, ಆಮ್ಲ ತಿನ್ನುತ್ತದೆ. ಸಲ್ಫ್ಯೂರಿಕ್ ಆಮ್ಲದಿಂದ ಪಿಎಚ್ 2.8ಕ್ಕೆ ತನ್ನಿ. ಅನ್ನಭೇದಿ (ಫೆರಸ್ ಸಲ್ಫೇಟ್) 2 ಗ್ರಾಂ ಕರಗಿಸಿ, ಲೀಟರಿಗೆ 20 ಮಿ.ಗ್ರಾಂ ಕಬ್ಬಿಣ ಆಗುತ್ತದೆ. ತುಕ್ಕು ಬಣ್ಣಕ್ಕೆ ತಿರುಗಿದ ಹಳೆಯ ಅನ್ನಭೇದಿ ಬೇಡ, ಹಸಿರು ಹರಳೇ ಇರಲಿ. ಆಮೇಲೆ ಶೇ. 30ರ ಪೆರಾಕ್ಸೈಡ್ 6 ಮಿ.ಲೀ. ಹಾಕಿ ಕಲಕುತ್ತಿರಿ. ಪಟ್ಟಿಯಲ್ಲಿ ಪೆರಾಕ್ಸೈಡ್ ಸೊನ್ನೆಗೆ ಬಂದಾಗ ಇನ್ನೊಂದು 6 ಮಿ.ಲೀ. ಮುಗಿದ ಮೇಲೆ ಸುಣ್ಣದಿಂದ ಪಿಎಚ್ 8ರ ಹತ್ತಿರ ತಂದರೆ ಕಬ್ಬಿಣ ಕೆಂಪು ಕೆಸರಾಗಿ ಕೂರುತ್ತದೆ.

ಕೆಡುವ ಜಾಗ ಒಂದೇ: ಪಿಎಚ್. 4 ದಾಟಿದರೆ ಕಬ್ಬಿಣ ಗಡ್ಡೆಕಟ್ಟಿ ನೀರು ಮಬ್ಬಾಗುತ್ತದೆ, ಕೆಲಸ ನಿಲ್ಲುತ್ತದೆ. ಪಿಎಚ್ ಕಾಗದ ನಂಬಬೇಡಿ, ಬಣ್ಣದ ನೀರಿನಲ್ಲಿ ಅದು ಸುಳ್ಳು ಹೇಳುತ್ತದೆ. ಮೀಟರೇ ಬೇಕು.

ಔಷಧಿ ಹೊಡೆದ ಕ್ಯಾನ್ ತೊಳೆದ ನೀರನ್ನು ಬಿಸಿಲಿಗಿಟ್ಟರೆ ವಿಷ ಹೋಗುತ್ತದೆಯೇ?

ನಂಬಿ ಕೂರುವ ಹಾಗಿಲ್ಲ. ಕ್ಯಾನನ್ನು ಮೂರು ಸಲ ತೊಳೆದು, ತೊಳೆದ ನೀರನ್ನು ಸ್ಪ್ರೇಯರಿಗೇ ಸುರಿದು ಅದೇ ಬೆಳೆಗೆ ಹೊಡೆದು ಮುಗಿಸಿ. ನಾಲೆಗೆ, ಬಾವಿಯ ಪಕ್ಕಕ್ಕೆ ಚೆಲ್ಲಬೇಡಿ.

ಕರೆಂಟ್ ಖರ್ಚು ಹೋಲಿಸುವುದು ಹೇಗೆ?

1000 ಲೀಟರ್ ನೀರಿನಲ್ಲಿ ಒಂದು ವಸ್ತುವನ್ನು ಹತ್ತನೇ ಒಂದು ಪಾಲಿಗೆ ಇಳಿಸಲು ಎಷ್ಟು ಯೂನಿಟ್ ಎಂದು ನೋಡಿ. 36 ವ್ಯಾಟ್ ದೀಪ, 20 ಲೀಟರ್, ಎರಡು ಗಂಟೆಯಲ್ಲಿ ಶೇ. 90 ಕಡಿಮೆಯಾಯಿತು ಅನ್ನಿ: 0.072 ಯೂನಿಟನ್ನು 0.02ರಿಂದ (20 ಲೀಟರ್ ಎಂದರೆ 1000 ಲೀಟರಿನ 0.02 ಪಾಲು) ಭಾಗಿಸಿ, 3.6 ಯೂನಿಟ್. ಶೇ. 99 ಬೇಕೆಂದರೆ 7.2. ಪಂಪಿನ ಖರ್ಚು, ಪೆರಾಕ್ಸೈಡಿನ ಬೆಲೆ ಬೇರೆ. ‘ಎರಡು ಗಂಟೆಯಲ್ಲಿ ಶೇ. 90’ ಎಂದಷ್ಟೇ ಬರೆದ ವರದಿಯಿಂದ ಏನೂ ತಿಳಿಯುವುದಿಲ್ಲ.

ಆರು ತಿಂಗಳಲ್ಲಿ ಕೆಲಸ ಮಂದವಾಗಿದೆ. ದೀಪ ಹೋಯಿತೇ?

ಮೊದಲು ಕ್ವಾರ್ಟ್ಜ್ ಕೊಳವೆ ಬಿಚ್ಚಿ ನೋಡಿ. ಗಡಸು ನೀರಿನಲ್ಲಿ, ದೀಪದ ಬಿಸಿಗೆ, ಬಿಳಿ ಸುಣ್ಣದ ಪದರ ಕಟ್ಟುತ್ತದೆ. ಕಬ್ಬಿಣವಿದ್ದರೆ ಹಳದಿ. ಲೀಟರಿಗೆ 50 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಕರಗಿಸಿ ಅರ್ಧ ಗಂಟೆ ನೆನೆಸಿ, ಮೆತ್ತನೆ ಬಟ್ಟೆಯಲ್ಲಿ ಒರೆಸಿ. ಸ್ಟೀಲ್ ನಾರು ತಾಗಿಸಬೇಡಿ. ಒಣಗಿದ ಮೇಲೆ ಬರಿಗೈಯಲ್ಲಿ ಮುಟ್ಟಬೇಡಿ, ಬೆರಳಿನ ಜಿಡ್ಡು ಯುವಿಗೆ ಸುಟ್ಟು ಕಲೆಯಾಗಿ ಕೂರುತ್ತದೆ. ಪದರ ಇಲ್ಲವಾದರೆ ದೀಪದ ಗಂಟೆ ಲೆಕ್ಕ ನೋಡಿ. ಸುಮಾರು 9000 ಗಂಟೆ ಆಗಿದ್ದರೆ ಬದಲಿಸಿ. ನೀಲಿ ಹೊಳಪು ಕಾಣುತ್ತಿದೆ ಎಂಬುದು ಪ್ರಮಾಣವಲ್ಲ, ಕಾಣುವ ನೀಲಿ ಇರುವಾಗಲೇ ಕಾಣದ 254 ಕುಗ್ಗಿರುತ್ತದೆ. ಕರೆಂಟ್ ಹೋಗಿ ಬಂದು ಮಾಡುವ ಊರಲ್ಲಿ ಆಯಸ್ಸು ಇನ್ನೂ ಕಡಿಮೆ, ಪ್ರತಿ ಸಲ ಹೊತ್ತುವಾಗಲೂ ದೀಪ ಸವೆಯುತ್ತದೆ.

ಕಣ್ಣಿಗೆ ಏನಾಗುತ್ತದೆ?

ವೆಲ್ಡಿಂಗ್ ಬೆಳಕು ಹೊಡೆದ ಹಾಗೇ. ನೋಡುವಾಗ ಏನೂ ಅನಿಸುವುದಿಲ್ಲ, ಕೆಲವು ಗಂಟೆ ಬಿಟ್ಟು ಕಣ್ಣಲ್ಲಿ ಮರಳು ಬಿದ್ದಂತೆ ಉರಿ. ಮುಚ್ಚಳ ತೆಗೆದರೆ ದೀಪ ತಾನೇ ಆರುವ ಸ್ವಿಚ್ ಹಾಕಿಸಿ. 185 ನ್ಯಾನೊಮೀಟರ್ ಕೂಡ ಬಿಡುವ ದೀಪ ಗಾಳಿಯಲ್ಲಿ ಓಝೋನ್ ಮಾಡುತ್ತದೆ, ಘಾಟು ವಾಸನೆ ಬಂದರೆ ಕಿಟಕಿ ತೆಗೆಯಿರಿ.

ದೀಪ ಒಡೆದರೆ?

ಒಳಗೆ ಕೆಲವು ಮಿಲಿಗ್ರಾಂ ಪಾದರಸ ಇರುತ್ತದೆ. ಸ್ವಿಚ್ ಆರಿಸಿ, ಕಿಟಕಿ ತೆರೆದು, ಹದಿನೈದು ನಿಮಿಷ ಹೊರಗಿರಿ. ಪೊರಕೆ, ವ್ಯಾಕ್ಯೂಮ್ ಎರಡೂ ಬೇಡ, ಪಾದರಸವನ್ನು ಹರಡುತ್ತವೆ. ಕೈಗವಸು ಹಾಕಿ, ಗಟ್ಟಿ ರಟ್ಟಿನಿಂದ ಚೂರು ಒಟ್ಟುಮಾಡಿ, ಪುಡಿಯನ್ನು ಅಂಟುಪಟ್ಟಿಯಿಂದ ಎತ್ತಿ, ಮುಚ್ಚಳವಿರುವ ಡಬ್ಬಿಗೆ ಹಾಕಿ. ನೀರಿನೊಳಗೆ ಒಡೆದಿದ್ದರೆ ಆ ತೊಟ್ಟಿಯ ನೀರನ್ನು ಬಳಸಬೇಡಿ, ಚರಂಡಿಗೂ ಬಿಡಬೇಡಿ. ಡಬ್ಬಿಯನ್ನೂ ಹಳೆಯ ದೀಪಗಳನ್ನೂ ಗುಜರಿಯವರಿಗೆ ಕೊಡದೆ, ಪರವಾನಗಿ ಇರುವ ಇ-ತ್ಯಾಜ್ಯ ಸಂಗ್ರಹದವರಿಗೆ ಮುಟ್ಟಿಸಿ.